ಕೇರಂ ಪಂದ್ಯದ ಲೆಕ್ಕ

ರಜೆಯ ದಿನ ಮಧ್ಯಾಹ್ನದ ಊಟವಾದ ಮೇಲೆ ಕೇರಂ ಹಲಗೆಯ ಸುತ್ತ ಮನೆಮಂದಿಯೆಲ್ಲ ಕುಳಿತುಕೊಳ್ಳುವುದು ನಮ್ಮ ಪಟ್ಟಣಗಳಲ್ಲಿ ಹಳೆಯ ವಾಡಿಕೆ. ಕರಿಗೆ ಹತ್ತು, ಬಿಳಿಗೆ ಇಪ್ಪತ್ತು, ಕೆಂಪಿಗೆ ಐವತ್ತು; ಯಾರ ಮುಂದೆ ಹೆಚ್ಚು ಕಾಯಿ ಬಿದ್ದಿದೆಯೋ ಅವರು ಗೆದ್ದರು. ಈ ಲೆಕ್ಕ ಮನೆಗೆ ಸಾಕು. ಅಜ್ಜಿಯೂ ಮೊಮ್ಮಗನೂ ಒಟ್ಟಿಗೆ ಆಡಬಹುದಾದ ಲೆಕ್ಕವದು. ಆದರೆ ಅದೇ ಹುಡುಗ ಗಣೇಶೋತ್ಸವದ ಪಂದ್ಯಕ್ಕೋ ಬಡಾವಣೆಯ ಲೀಗಿಗೋ ಹೆಸರು ಕೊಟ್ಟು ಹೋದಾಗ, ಅಲ್ಲಿ ಬೇರೊಂದು ಲೆಕ್ಕ ನಡೆಯುವುದನ್ನು ಕಂಡು ಬೆಪ್ಪಾಗುತ್ತಾನೆ. ಆಟ ಬಾರದೆ ಸೋತವರು ಅನೇಕರು. ಲೆಕ್ಕ ತಿಳಿಯದೆ ಸೋತವರೂ ಕಡಿಮೆಯಿಲ್ಲ. ಆ ಎರಡನೆಯವರಿಗಾಗಿ ಈ ಮಾತು.

ಮೊದಲು ಪದಗಳ ಗೊಂದಲವನ್ನು ತೀರಿಸಿಕೊಳ್ಳೋಣ. ಆಡುವ ಮರದ ಹಲಗೆಗೂ ‘ಬೋರ್ಡು’ ಎನ್ನುತ್ತಾರೆ, ಕಾಯಿ ಜೋಡಿಸಿ ಹೊಡೆದು ಮುಗಿಸುವ ಒಂದು ಸುತ್ತಿಗೂ ‘ಬೋರ್ಡು’ ಎನ್ನುತ್ತಾರೆ. ನಾನು ಇಲ್ಲಿ ಮರದ್ದನ್ನು ಹಲಗೆ ಎಂದೂ ಸುತ್ತನ್ನು ಬೋರ್ಡು ಎಂದೂ ಕರೆಯುತ್ತೇನೆ. ಇಂಗ್ಲಿಷಿನ ನಿಯಮಗಳಲ್ಲಿ ‘ಕವರ್’ ಎಂದಿರುವುದನ್ನು ನಮ್ಮ ಹುಡುಗರು ‘ಫಾಲೋ’ ಎನ್ನುತ್ತಾರೆ, ‘ಡ್ಯೂ’ ಎಂದಿರುವುದನ್ನು ‘ಫೈನ್’ ಎನ್ನುತ್ತಾರೆ. ಕನ್ನಡ ಪಂಡಿತನಾದ ನಾನು ಇವಕ್ಕೆ ಹೊಸ ಪದ ಕಟ್ಟಿಕೊಡಬೇಕೆಂದು ಕೆಲವರು ಕೇಳುವುದುಂಟು. ಅಗತ್ಯವಿಲ್ಲ. ಚೌಕಾಬಾರ, ಪಗಡೆಗಳಿಂದ ಬಂದ ‘ಕಾಯಿ’ ಎಂಬ ಮಾತನ್ನು ಉಳಿಸಿಕೊಂಡಿದ್ದೇವಲ್ಲ, ಅಷ್ಟು ಸಾಕು.

ಪಂದ್ಯದಲ್ಲಿ ಒಂಬತ್ತು ಬಿಳಿ, ಒಂಬತ್ತು ಕರಿ, ಒಂದು ಕೆಂಪು. ಈ ಕೆಂಪೇ ರಾಣಿ. ಮೊದಲು ಹೊಡೆಯುವವನದು ಬಿಳಿ, ಎದುರಿನವನದು ಕರಿ. ಮುಂದಿನ ಬೋರ್ಡಿಗೆ ಇದು ಅದಲುಬದಲು. ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ: ಇಲ್ಲಿ ನೀವು ಗುಳಿಗೆ ಹಾಕಿದ ಕಾಯಿಗೆ ಅಂಕವಿಲ್ಲ. ನಿಮ್ಮ ಒಂಬತ್ತೂ ಒಳಗೆ ಹೋದಾಗ ಎದುರಾಳಿಯ ಕಾಯಿ ಹಲಗೆಯ ಮೇಲೆ ಎಷ್ಟು ಉಳಿದಿವೆಯೋ ಅಷ್ಟೇ ನಿಮ್ಮ ಅಂಕ. ರಾಣಿಯನ್ನು ನೀವೇ ಹಾಕಿ ಫಾಲೋ ಮಾಡಿದ್ದರೆ ಅದರ ಮೇಲೆ ಮೂರು. ಎದುರಾಳಿಯ ಒಂಬತ್ತೂ ಉಳಿದು ರಾಣಿಯೂ ನಿಮ್ಮದಾದರೆ 12. ಒಂದು ಬೋರ್ಡಿಗೆ ಅದೇ ಗರಿಷ್ಠ. ಸೋತವನು ಎಂಟು ಕಾಯಿ ಹಾಕಿದ್ದರೂ ಅವನಿಗೆ ಆ ಬೋರ್ಡಿನಲ್ಲಿ ಸೊನ್ನೆ. ಆದರೆ ಆ ಎಂಟು ವ್ಯರ್ಥವಾಗಲಿಲ್ಲ: ಗೆದ್ದವನಿಗೆ ಒಂದೇ ಅಂಕ ದಕ್ಕುವಂತೆ ಮಾಡಿದವು. ಆದ್ದರಿಂದ ಬೋರ್ಡು ಕೈತಪ್ಪಿತೆಂದು ತಿಳಿದಾಗ ಕೈಚೆಲ್ಲಿ ಕೂಡಬಾರದು. ನಿಮ್ಮದೊಂದು ಕಾಯಿ ಹೆಚ್ಚಾಗಿ ಒಳಗೆ ಹೋದರೆ ಅವನದೊಂದು ಅಂಕ ಕಡಿಮೆಯಾಯಿತು.

ಹೀಗೆ ಕೂಡಿಸುತ್ತ ಮೊದಲು 25 ಮುಟ್ಟಿದವನು ಆ ಗೇಮನ್ನು ಗೆದ್ದಂತೆ. ಎಂಟು ಬೋರ್ಡು ಮುಗಿದರೂ ಯಾರೂ 25 ಮುಟ್ಟದಿದ್ದರೆ ಆಗ ಮುಂದಿರುವವನು ಗೆದ್ದಂತೆ. ಎಂಟು ಎಂಬುದು ಸಮಸಂಖ್ಯೆಯಾದ್ದರಿಂದ ಮೊದಲ ಹೊಡೆತ ಇಬ್ಬರಿಗೂ ನಾಲ್ಕು ನಾಲ್ಕು ಸಲ ಸಿಕ್ಕುತ್ತದೆ. ಮೂರು ಗೇಮುಗಳಲ್ಲಿ ಎರಡು ಗೆದ್ದವನಿಗೆ ಪಂದ್ಯ.

ರಾಣಿಯ ವಿಚಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಜಗಳ ಹುಟ್ಟುವುದೆಲ್ಲ ಇಲ್ಲಿಯೇ. ನಿಮ್ಮದೊಂದು ಕಾಯಿಯಾದರೂ ಒಳಗೆ ಹೋಗಿದ್ದರೆ ಮಾತ್ರ ನೀವು ರಾಣಿಗೆ ಕೈ ಹಾಕಬಹುದು. ರಾಣಿ ಬಿದ್ದ ಹೊಡೆತದಲ್ಲೇ ಅಥವಾ ಅದರ ಮರುಹೊಡೆತದಲ್ಲಿ ನಿಮ್ಮ ಕಾಯಿ ಬೀಳಬೇಕು. ಬೀಳದಿದ್ದರೆ ರಾಣಿ ಹಿಂದಕ್ಕೆ ಬರುತ್ತದೆ. ರಾಣಿ ಇನ್ನೂ ಹಲಗೆಯ ಮೇಲಿರುವಾಗ ನಿಮ್ಮ ಕಡೆಯ ಕಾಯಿಯನ್ನು ಹಾಕಿಬಿಟ್ಟಿರೋ, ಬೋರ್ಡನ್ನು ಸೋತಿರಿ. ಬೋರ್ಡು ಸೋತವನು ರಾಣಿಯನ್ನು ಪಡೆದಿದ್ದರೆ ಆ ಮೂರು ಅಂಕ ಯಾರಿಗೂ ಇಲ್ಲ. ಇಷ್ಟು ಎಲ್ಲರಿಗೂ ಹೆಚ್ಚುಕಡಿಮೆ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ನಿಮ್ಮ ಮೊತ್ತ 21ರವರೆಗೆ ಇದ್ದಾಗ ಮಾತ್ರ ರಾಣಿಗೆ ಮೂರು. 22 ಮುಟ್ಟಿದ ಮೇಲೆ ರಾಣಿಯಿಂದ ನಿಮಗೆ ಅಂಕ ಬಾರದು.

ಅಣ್ಣತಮ್ಮಂದಿರಿಬ್ಬರು ಆಡುತ್ತಿದ್ದಾರೆ ಎನ್ನಿ. ಆರು ಬೋರ್ಡಾದ ಮೇಲೆ ಅಣ್ಣನದು 22, ತಮ್ಮನದು 20. ಏಳನೆಯ ಬೋರ್ಡನ್ನು ಅಣ್ಣ ಗೆದ್ದ, ರಾಣಿಯನ್ನೂ ಪಡೆದ, ತಮ್ಮನ ಕಾಯಿ ಎರಡು ಉಳಿದವು. ಅಣ್ಣನಿಗೆ ಸಿಕ್ಕುವುದು ಎರಡೇ. ಮೊತ್ತ 24, ಗೇಮು ಮುಗಿಯಲಿಲ್ಲ. ಅದೇ ಬೋರ್ಡನ್ನು ತಮ್ಮ ಹಾಗೆಯೇ ಗೆದ್ದಿದ್ದರೆ? ಎರಡೂ ಮೂರೂ ಐದು. 20ಕ್ಕೆ ಸೇರಿ 25, ಗೇಮು ಅವನದು. ಒಂದೇ ಹಲಗೆಯ ಮೇಲೆ ಒಂದೇ ರಾಣಿಯ ಬೆಲೆ ಒಬ್ಬನಿಗೆ ಮೂರು, ಇನ್ನೊಬ್ಬನಿಗೆ ಸೊನ್ನೆ. ಹಾಗಾದರೆ ಅಣ್ಣ ರಾಣಿಯ ಗೊಡವೆಗೆ ಹೋಗಬಾರದೋ? ಹೋಗಲೇಬೇಕು, ತಮ್ಮನಿಗೆ ಆ ಮೂರು ಸಿಕ್ಕದಿರಲೆಂದು. ಹಿಂದುಳಿದವನಿಗೆ ಆಸೆಯನ್ನು ಉಳಿಸುವ ಈ ನಿಯಮ ನನಗೆ ಬಹಳ ಮೆಚ್ಚಿಗೆಯಾದದ್ದು.

ಫೈನಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಟ್ರೈಕರ್ ಒಂದೇ ಗುಳಿಗೆ ಬಿದ್ದರೆ ನೀವು ಹಾಕಿದ ಒಂದು ಕಾಯಿ ಹೊರಗೆ ಬರಬೇಕು, ಸರದಿಯೂ ಹೋಯಿತು. ನಿಮ್ಮ ಕಾಯಿಯೊಡನೆ ಬಿದ್ದರೆ ಆ ಕಾಯಿ, ಅದರ ಜೊತೆಗೆ ಇನ್ನೊಂದು, ಎರಡೂ ಹೊರಗೆ. ಸರದಿ ಮಾತ್ರ ಉಳಿಯುತ್ತದೆ. ಹೊರಬಂದ ಕಾಯಿಯನ್ನು ದೊಡ್ಡ ವೃತ್ತದೊಳಗೆ ಇಡುವ ಹಕ್ಕು ಎದುರಾಳಿಯದು. ತೆರಲು ಕಾಯಿಯೇ ಇಲ್ಲದಿದ್ದರೆ ಅದು ಸಾಲ. ಮುಂದೆ ಬಿದ್ದ ಕಾಯಿಯಿಂದ ತೀರಿಸಬೇಕು. ಲೆಕ್ಕ ಬರೆಯುವವನು ಈ ಸಾಲವನ್ನು ಮರೆಯಕೂಡದು.

ಈ ನಿಯಮಗಳು ಬೀದಿಗೊಂದು ಬಗೆಯವಲ್ಲ. 1988ರಲ್ಲಿ ಮದರಾಸಿನಲ್ಲಿ ಅಂತರರಾಷ್ಟ್ರೀಯ ಕೇರಂ ಒಕ್ಕೂಟ ಹುಟ್ಟಿತು; 1996ರ ಅರ್ಜುನ ಪ್ರಶಸ್ತಿ ಅದೇ ನಗರದ ಮರಿಯ ಇರುದಯಂ ಅವರಿಗೆ ಈ ಆಟಕ್ಕಾಗಿ ಬಂದಿತು. ಆದರೂ ನಮ್ಮ ಲೀಗುಗಳಲ್ಲಿ ಅಂಕ ಬರೆಯುವ ಕೆಲಸವನ್ನು ಬಿಡುವಾಗಿರುವ ಯಾರೋ ಒಬ್ಬ ಹುಡುಗನಿಗೆ ವಹಿಸುತ್ತಾರೆ. ಅವನೂ ಪಾಪ, ಆಟ ನೋಡುತ್ತ ಬರೆಯುವುದನ್ನು ಮರೆಯುತ್ತಾನೆ. ಒಂದೇ ಬೀದಿಯ ಇಬ್ಬರು ಯುವಕರು ಉಳಿದದ್ದು ಮೂರು ಕಾಯಿಯೋ ನಾಲ್ಕೋ ಎಂಬ ವಿವಾದದಿಂದ ವರ್ಷದವರೆಗೆ ಮಾತು ಬಿಟ್ಟಿದ್ದನ್ನು ಕಂಡಿದ್ದೇನೆ. ಕಡೆಯ ಕಾಯಿ ಬೀಳುತ್ತಲೇ ಹಲಗೆಯ ಮೇಲಿನದನ್ನೆಲ್ಲ ಅಂಗೈಯಿಂದ ಬಳಿದುಬಿಡುವ ಅಭ್ಯಾಸವೇ ಇದಕ್ಕೆ ಕಾರಣ. ಬಳಿದ ಮೇಲೆ ಸತ್ಯವನ್ನು ಎಲ್ಲಿಂದ ತರುವುದು?

ಆದ್ದರಿಂದ ಹೀಗೆ ಮಾಡಿ. ಬೋರ್ಡು ಮುಗಿದೊಡನೆ ಇಬ್ಬರೂ ಕೈ ಹಿಂದಕ್ಕೆ ತೆಗೆಯಲಿ. ಉಳಿದದ್ದೆಷ್ಟೆಂದು ಸೋತವನೇ ಎಣಿಸಿ ಗಟ್ಟಿಯಾಗಿ ಹೇಳಲಿ, ಗೆದ್ದವನು ಹೌದೆನ್ನಲಿ, ಆಮೇಲೆ ಬರೆಯುವವನು ಬೋರ್ಡಿನ ಸಂಖ್ಯೆ, ಮೊದಲು ಹೊಡೆದವರು ಯಾರು, ಕಾಯಿಯ ಅಂಕ, ರಾಣಿಯ ಅಂಕ, ಒಟ್ಟು ಮೊತ್ತ ಎಂದು ಐದು ಮನೆಗಳಲ್ಲಿ ಬರೆಯಲಿ. ರಾಣಿಗೆ ಬೇರೆ ಮನೆಯೇ ಇರಬೇಕು, ಇಲ್ಲದಿದ್ದರೆ 22ರ ನಿಯಮ ಮರೆತುಹೋಗುತ್ತದೆ. ಬರೆಯುವವನು ಮೊತ್ತವನ್ನು ಕೇಳಿದರೆ ಹೇಳಬಹುದು. ಯಾವ ಕಾಯಿ ಹೊಡೆಯಬೇಕೆಂದು ಕಣ್ಣಿನಿಂದಲೂ ತೋರಿಸಬಾರದು. ಈಗ ಮೊಬೈಲಿನಲ್ಲಿ ಬರೆದುಕೊಳ್ಳುವವರೂ ಇದ್ದಾರೆ. ಬೇಡವೆನ್ನುವುದಿಲ್ಲ, ಆದರೆ ಇಬ್ಬರೂ ರುಜು ಹಾಕುವ ಕಾಗದವೊಂದು ಇರಲಿ.

ಲೀಗು ನಡೆಸುವವರಿಗೆ ಒಂದು ಮಾತು. ಗೆದ್ದವನ ಹೆಸರನ್ನಷ್ಟೇ ಬರೆದು ಚೀಟಿಯನ್ನು ಎಸೆಯಬೇಡಿ. ಎರಡು ತಂಡಗಳ ಗೆಲವು ಸಮವಾದಾಗ ಯಾರು ಮೇಲೆಂದು ತಿಳಿಯಲು ಸೋತವರ ಅಂಕವೂ ಬೇಕಾಗುತ್ತದೆ. 25ಕ್ಕೆ 4ರಂತೆ ಸೋತವನೂ 25ಕ್ಕೆ 23ರಂತೆ ಸೋತವನೂ ಒಂದೇ ಅಲ್ಲ. ಆ ಸಮವನ್ನು ಹೇಗೆ ಬಿಡಿಸುವಿರೆಂಬುದನ್ನು ಮೊದಲ ಪಂದ್ಯಕ್ಕೆ ಮುಂಚೆಯೇ ಬರೆದು ಗೋಡೆಗೆ ಅಂಟಿಸಿ. ಆಮೇಲೆ ಮಾಡಿದ ನಿಯಮ ಎಷ್ಟು ನ್ಯಾಯವಾಗಿದ್ದರೂ ಸೋತವರಿಗೆ ಮೋಸದಂತೆಯೇ ಕಾಣುತ್ತದೆ. ಇನ್ನು ಒಂದು ಗೇಮಿನಲ್ಲಿ ಎಂಟು ಬೋರ್ಡೂ ಮುಗಿದು ಇಬ್ಬರ ಮೊತ್ತ ಸಮವಾಗಿದ್ದರೆ ಮತ್ತೊಂದು ಬೋರ್ಡು ಆಡಿಸಬೇಕು. ಅಪರೂಪಕ್ಕೆ ಬರುವುದು, ಆದರೂ ಬರುತ್ತದೆ. ಚೀಟಿಗೆ ಗೆರೆ ಹಾಕುವಾಗಲೇ ಒಂಬತ್ತನೆಯ ಸಾಲನ್ನು ಬಿಟ್ಟುಕೊಂಡಿರಿ.