ಎಲೆಗಳು ಸೂಸುವ ಅನಿಲ



ಮರಗಳೂ ಗಾಳಿಗೆ ಹೈಡ್ರೋಕಾರ್ಬನ್ ಸೂಸುತ್ತವೆ. ಅವುಗಳಲ್ಲಿ ಐಸೊಪ್ರೀನ್ ಮುಖ್ಯವಾದುದು. ಬಿಸಿಲೂ ಶಾಖವೂ ಏರಿದಂತೆ ಅದು ಏರುತ್ತದೆ, ಕತ್ತಲಾದೊಡನೆ ನಿಲ್ಲುತ್ತದೆ. ಒಂದು ಎಲೆಯನ್ನು ಅಳೆದು ಇಡೀ ಕಾಡಿಗೆ ಗುಣಿಸಿದರೆ ಲೆಕ್ಕ ತಪ್ಪುವುದು. ನೆತ್ತಿಯ ಎಲೆಗೆ ಬೀಳುವ ಬಿಸಿಲು ಅಡಿಯ ಎಲೆಗೆ ಬೀಳದು. ಅಲೆಕ್ಸ್ ಗುಂತರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ‘ಮೆಗಾನ್’ ಗಣಿತ ಮಾದರಿಯು ಬಿಸಿಲಿನ ಎಲೆಗಳನ್ನೂ ನೆರಳಿನ ಎಲೆಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಅದರ ಅಂದಾಜಿನಂತೆ ಜಗತ್ತಿನ ಸಸ್ಯರಾಶಿ ವರ್ಷಕ್ಕೆ ಸೂಸುವ ಐಸೊಪ್ರೀನ್ 50 ಕೋಟಿ ಟನ್ನಿನಷ್ಟಾದರೂ ಇದೆ.

ಹಾಗೆಂದು ಮರವೇ ಮಾಲಿನ್ಯಕಾರಿ ಎಂಬ ಮಾತು ಸಲ್ಲದು. ಐಸೊಪ್ರೀನಿನಿಂದ ನೆಲಮಟ್ಟದ ಓಝೋನ್ ಹುಟ್ಟಲು ನೈಟ್ರೋಜನ್ ಆಕ್ಸೈಡ್ ಬೇಕು. ಅದು ವಾಹನ, ಕಾರ್ಖಾನೆಗಳ ಹೊಗೆಯಿಂದಲೂ ರಸಗೊಬ್ಬರದಿಂದಲೂ ಬರುತ್ತದೆ. ಹಸಿರೆಲ್ಲವೂ ಒಂದೇ ಅಲ್ಲ. 2008ರಲ್ಲಿ ಬೋರ್ನಿಯೋದಲ್ಲಿ ಅಳೆದಾಗ, ಎಣ್ಣೆತಾಳೆ ತೋಟವು ಸಹಜ ಮಳೆಕಾಡಿಗಿಂತ ಹಲವು ಪಟ್ಟು ಐಸೊಪ್ರೀನ್ ಸೂಸುತ್ತಿತ್ತು. ಆಗ ಅಲ್ಲಿ ಓಝೋನ್ ಏರಿರಲಿಲ್ಲ. ನೈಟ್ರೋಜನ್ ಆಕ್ಸೈಡ್ ಹೆಚ್ಚಿದರೆ ಏರುವುದೆಂದು ಸಂಶೋಧಕರು ಎಚ್ಚರಿಸಿದರು.