ಹಳೆಯ ಎಕ್ಸ್-ರೇ ಎಲ್ಲಿದೆ? ಆಸ್ಪತ್ರೆಗಳ ಡಿಜಿಟಲ್ ಚಿತ್ರಗಳ ಸಂರಕ್ಷಣೆಯಲ್ಲಿ ನಮ್ಮ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ಕರ ವಸೂಲಾತಿ, ಉದ್ಯೋಗ ಖಾತರಿ ಮುಂತಾದ ವಿಷಯಗಳ ನಡುವೆ ಆಸ್ಪತ್ರೆಯ ಕಂಪ್ಯೂಟರಿನ ಮಾತು ಏಕೆ ಎಂದು ತಮಗೆ ಅನ್ನಿಸಬಹುದು. ಅದಕ್ಕೆ ಉತ್ತರವಾಗಿ ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಮೊದಲು ಹೇಳುತ್ತೇನೆ.

ನಾನು ಕೆಲಸ ಮಾಡಿದ ಪಂಚಾಯಿತಿಯೊಂದರಲ್ಲಿ ಕ್ಷಯರೋಗ ತಪಾಸಣಾ ಶಿಬಿರ ನಡೆಯಿತು. ಕೂಲಿ ಮಾಡಿ ಬದುಕುವ ಹಿರಿಯರೊಬ್ಬರ ಎದೆಯ ಎಕ್ಸ್-ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಮಚ್ಚೆ ಕಾಣಿಸಿತು. ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಹಿಂದೆ ತೆಗೆಸಿದ ಎಕ್ಸ್-ರೇ ಇದೆಯೇ?” ಎಂಬುದು. ಮೂರು ವರ್ಷಗಳ ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ಅವರು ಎಕ್ಸ್-ರೇ ತೆಗೆಸಿದ್ದರು. ಅದು ಡಿಜಿಟಲ್ ಯಂತ್ರ. ಅವರ ಕೈಗೆ ಬಂದಿದ್ದು ಒಂದು ಚೀಟಿ ಮಾತ್ರ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆ ಕಂಪ್ಯೂಟರ್ ಕೆಟ್ಟುಹೋಗಿ ಹೊಸದು ಬಂದಿತ್ತು, ಹಳೆಯ ಚಿತ್ರಗಳೆಲ್ಲ ಹಳೆಯ ಡಿಸ್ಕಿನೊಂದಿಗೆ ಹೋಗಿದ್ದವು, ಬೇರೆಲ್ಲಿಯೂ ಪ್ರತಿ ಇರಲಿಲ್ಲ.

ಕಫ ಪರೀಕ್ಷೆ, ನಗರಕ್ಕೆ ಹೋಗಿ ಸಿ.ಟಿ. ಸ್ಕ್ಯಾನ್, ಕೆಲವು ತಿಂಗಳು ಬಿಟ್ಟು ಹೋಲಿಕೆಗಾಗಿ ಮತ್ತೊಂದು ಎಕ್ಸ್-ರೇ, ಇಷ್ಟೆಲ್ಲ ಆಯಿತು. ಕಡೆಗೆ ಅದು ಎಂದೋ ವಾಸಿಯಾದ ರೋಗದ ಕಲೆ ಎಂದು ವೈದ್ಯರು ನಿರ್ಧರಿಸಿದರು. ಆದರೆ ಅಷ್ಟರಲ್ಲಿ ಆ ಹಿರಿಯರ ಕೂಲಿಯ ದಿನಗಳು ಕಳೆದಿದ್ದವು. ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆಯಾಗಿದ್ದವು. ಮೊಮ್ಮಗುವನ್ನು ಅವರ ತೊಡೆಯ ಮೇಲೆ ಕೂರಿಸುತ್ತಿರಲಿಲ್ಲ. ಹಳೆಯ ಚಿತ್ರವೊಂದು ಸಿಕ್ಕಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಮಚ್ಚೆ ಬದಲಾಗಿಲ್ಲವೆಂಬುದನ್ನು ಅಂದೇ ಕಾಣಬಹುದಾಗಿತ್ತು.

1895ರಲ್ಲಿ ರಾಂಟ್‌ಜೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಬಳಿಕ ಬಹುಕಾಲ ಎಕ್ಸ್-ರೇ ಎಂದರೆ ಫಿಲ್ಮ್. ಅದನ್ನು ಲಕೋಟೆಯಲ್ಲಿಟ್ಟು ರೋಗಿಯ ಕೈಗೆ ಕೊಡುತ್ತಿದ್ದರು. ನಮ್ಮ ಮನೆಗಳಲ್ಲಿ ಅದು ಅಟ್ಟದ ಮೇಲೋ ಬೀರುವಿನ ಹಿಂದೆಯೋ ಇರುತ್ತಿತ್ತು. ಡಿಜಿಟಲ್ ಯಂತ್ರ ಬಂದ ಮೇಲೆ ಚಿತ್ರವು ಆಸ್ಪತ್ರೆಯ ಡಿಸ್ಕಿನಲ್ಲಿ ಉಳಿಯಿತು. ಕಾಪಾಡುವ ಹೊಣೆ ರೋಗಿಯಿಂದ ಆಸ್ಪತ್ರೆಗೆ ಸರಿಯಿತು. ಈ ಹಸ್ತಾಂತರವು ಅನೇಕ ಕಡೆ ಯಾರ ಗಮನಕ್ಕೂ ಬಾರದೆ ನಡೆದುಹೋಗಿದೆ. ಯಂತ್ರ ಖರೀದಿಗೆ ಟೆಂಡರ್ ಆಗುತ್ತದೆ, ಉದ್ಘಾಟನೆಯೂ ಆಗುತ್ತದೆ; ಚಿತ್ರಗಳನ್ನು ಕಾಪಾಡಲು ಒಬ್ಬರನ್ನು ಗೊತ್ತುಮಾಡುವುದು ಮಾತ್ರ ಉಳಿದುಬಿಡುತ್ತದೆ.

ಸ್ಥಳಾವಕಾಶ ಸಾಲದು ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಲೆಕ್ಕ ಹಾಕಿ ನೋಡೋಣ. ಎದೆಯ ಒಂದು ಡಿಜಿಟಲ್ ಎಕ್ಸ್-ರೇ ಸುಮಾರು 10 ಎಂ.ಬಿ. ಎಂದಿಟ್ಟುಕೊಳ್ಳಿ. ದಿನಕ್ಕೆ 30 ಎಕ್ಸ್-ರೇಗಳಂತೆ ವರ್ಷದಲ್ಲಿ 300 ದಿನ ತೆಗೆದರೆ 9,000 ಚಿತ್ರಗಳು, ಅಂದರೆ 90 ಜಿ.ಬಿ. ಒಂದು ಟಿ.ಬಿ.ಯ ಸಾಧಾರಣ ಡಿಸ್ಕಿನಲ್ಲಿ ಹತ್ತು ವರ್ಷಗಳ ಚಿತ್ರಗಳು ಹಿಡಿಸುತ್ತವೆ. ಸಿ.ಟಿ. ಸ್ಕ್ಯಾನ್ ದೊಡ್ಡದು. ಅದರ ಒಂದು ಪದರದಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 512 ಚುಕ್ಕೆಗಳಿದ್ದು, ಚುಕ್ಕೆಗೆ 2 ಬೈಟ್‌ನಂತೆ ಪದರಕ್ಕೆ ಅರ್ಧ ಎಂ.ಬಿ. ಆಗುತ್ತದೆ. 300 ಪದರಗಳ ಒಂದು ಸ್ಕ್ಯಾನ್ 150 ಎಂ.ಬಿ.; ದಿನಕ್ಕೆ 20 ಸ್ಕ್ಯಾನ್ ಮಾಡುವ ದೊಡ್ಡ ಆಸ್ಪತ್ರೆಗೆ ವರ್ಷಕ್ಕೆ 900 ಜಿ.ಬಿ. ಬೇಕು. ದೊಡ್ಡ ಆಸ್ಪತ್ರೆಗೆ ಇದು ಯೋಜನೆ ಬೇಡುವ ಕೆಲಸವೇ ಸರಿ. ಆದರೆ ಎಕ್ಸ್-ರೇ ಮಾತ್ರ ತೆಗೆಯುವ ನಮ್ಮ ಆಸ್ಪತ್ರೆಗಳಲ್ಲಿ ಚಿತ್ರಗಳು ಕಳೆಯುವುದು ಜಾಗದ ಕೊರತೆಯಿಂದಲ್ಲ, ವ್ಯವಸ್ಥೆಯ ಕೊರತೆಯಿಂದ.

ಆ ವ್ಯವಸ್ಥೆಗೆ ಮೂರು ಕಂಬಗಳು: ಚಿತ್ರದ ರೂಪ, ಗುರುತು, ಪ್ರತಿ.

ಮೊದಲನೆಯದು ರೂಪ. ವೈದ್ಯಕೀಯ ಚಿತ್ರಗಳಿಗೆ ಡೈಕಾಮ್ ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಈ ಹೆಸರಿನಲ್ಲಿ ಅದು 1993ರಿಂದ ಬಳಕೆಯಲ್ಲಿದೆ. ನಮ್ಮ ದೇಶದ 2016ರ ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ ಮಾನಕಗಳೂ ಅದನ್ನೇ ಅಂಗೀಕರಿಸಿವೆ. ಡೈಕಾಮ್ ಕಡತದಲ್ಲಿ ಚಿತ್ರದ ಜೊತೆಗೆ ರೋಗಿಯ ಹೆಸರು, ಸಂಖ್ಯೆ, ದಿನಾಂಕ, ಯಂತ್ರದ ವಿವರಗಳೂ ಸೇರಿರುತ್ತವೆ. ಇಂತಹ ಚಿತ್ರಗಳನ್ನು ಒಟ್ಟಾಗಿ ಇಟ್ಟು, ಬೇಕಾದಾಗ ಹುಡುಕಿ ಕೊಡುವ ತಂತ್ರಾಂಶ ವ್ಯವಸ್ಥೆಗೆ ಪ್ಯಾಕ್ಸ್ ಎನ್ನುತ್ತಾರೆ. ಪರದೆಯ ಮೇಲಿನ ಎಕ್ಸ್-ರೇಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳುಹಿಸುವ ರೂಢಿ ಇದೆ. ಮೂಲ ಚಿತ್ರದಲ್ಲಿ ಕಪ್ಪು ಬಿಳುಪಿನ ನಡುವೆ 4,096 ಛಾಯೆಗಳು ಇರಬಹುದಾದರೆ, ಸಾಮಾನ್ಯ ಫೋಟೊದಲ್ಲಿ ಉಳಿಯುವುದು 256 ಛಾಯೆಗಳು ಮಾತ್ರ. ತುರ್ತಿನಲ್ಲಿ ಫೋಟೊ ಉಪಯೋಗಕ್ಕೆ ಬರಬಹುದು, ಅದು ದಾಖಲೆಯಾಗದು. ಖಾತೆಯ ಮೂಲ ವಹಿಗೂ ಅದರ ಮಸುಕಾದ ಜೆರಾಕ್ಸ್ ಪ್ರತಿಗೂ ಇರುವ ಅಂತರವೇ ಇಲ್ಲಿಯೂ ಇದೆ.

ಎರಡನೆಯದು ಗುರುತು. ಒಂದೇ ಊರಿನಲ್ಲಿ ಹತ್ತು ಮಂದಿ ಲಕ್ಷ್ಮಮ್ಮನವರು ಇರುತ್ತಾರೆ. ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮೀದೇವಿ ಎಂದು ಬರೆದರೆ ಒಬ್ಬರೇ ವ್ಯಕ್ತಿ ಕಂಪ್ಯೂಟರಿಗೆ ಇಬ್ಬರಾಗುತ್ತಾರೆ. ಹೆಸರು ತಪ್ಪಾದ ಖಾತೆಯಿಂದ ಆಗುವ ತೊಂದರೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಹೀಗಾಗಿ 14 ಅಂಕಿಗಳ ಆಭಾ ಸಂಖ್ಯೆ ಉಪಯುಕ್ತ. ಆದರೆ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕಾಗಿದೆ. ಆಭಾ ಕಾರ್ಡ್ ಮಾಡಿಸಿದ ಮಾತ್ರಕ್ಕೆ ಎಕ್ಸ್-ರೇ ಎಲ್ಲೋ ದೆಹಲಿಯಲ್ಲಿ ಭದ್ರವಾಗಿದೆ ಎಂದು ಭಾವಿಸಬಾರದು. ದಾಖಲೆಯು ಅದನ್ನು ಸೃಷ್ಟಿಸಿದ ಆಸ್ಪತ್ರೆಯಲ್ಲಿಯೇ ಇರುತ್ತದೆ; ಆಭಾ ಎಂಬುದು ರೋಗಿಯ ಒಪ್ಪಿಗೆಯ ಮೇರೆಗೆ ಅದನ್ನು ತಲುಪುವ ದಾರಿ. ಆಸ್ಪತ್ರೆಯಲ್ಲೇ ಚಿತ್ರ ಅಳಿದಿದ್ದರೆ ದಾರಿಯ ಕೊನೆಯಲ್ಲಿ ಏನೂ ಸಿಗದು.

ಮೂರನೆಯದು ಪ್ರತಿ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ: ಇದು ಸರಳವಾದ, ಪರೀಕ್ಷಿತವಾದ ಸೂತ್ರ. ಸಿಡಿಲು, ವಿದ್ಯುತ್ ಏರಿಳಿತ, ಮಳೆನೀರು, ಕಳವು, ಇವು ಒಂದೇ ಕೋಣೆಯ ಎರಡು ಡಿಸ್ಕುಗಳನ್ನೂ ಒಟ್ಟಿಗೆ ಹಾಳುಮಾಡಬಲ್ಲವು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ ಸೈಬರ್ ದಾಳಿ ನಡೆದುದನ್ನು ತಾವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಐದು ಸರ್ವರ್‌ಗಳ ಮಾಹಿತಿ ಬೀಗ ಹಾಕಿದಂತಾಗಿ, ಹೊರರೋಗಿಗಳ ನೋಂದಣಿಯೂ ಸೇರಿದಂತೆ ಹಲವು ಕೆಲಸಗಳು ದಿನಗಟ್ಟಲೆ ಕಾಗದ ಪೆನ್ನಿನಲ್ಲಿ ನಡೆದವು. ಆ ಮಾಹಿತಿ ಮರಳಿ ದೊರೆತದ್ದು ದಾಳಿಗೆ ಸಿಕ್ಕದೆ ಉಳಿದಿದ್ದ ಪ್ರತ್ಯೇಕ ಬ್ಯಾಕಪ್ ಸರ್ವರಿನಿಂದ. ದೇಶದ ದೊಡ್ಡ ಆಸ್ಪತ್ರೆಯೊಂದನ್ನು ಉಳಿಸಿದ್ದು ಒಂದು ಪ್ರತ್ಯೇಕ ಪ್ರತಿ ಎಂಬುದನ್ನು ನೆನಪಿಡೋಣ. ಪ್ರತಿ ಇದೆ ಎಂದರೂ ಸಾಲದು. ಮೂರು ತಿಂಗಳಿಗೊಮ್ಮೆ ಹಳೆಯ ಚಿತ್ರವೊಂದನ್ನು ಅದರಿಂದ ತೆರೆದು ನೋಡಬೇಕು. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ಎಷ್ಟು ಕಾಲ ಇಡಬೇಕು? ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಡಬೇಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಇದು ಕನಿಷ್ಠ ಮಿತಿ. ಕ್ಷಯ, ಕ್ಯಾನ್ಸರ್, ಮೂಳೆಯ ತೊಂದರೆ, ಅಪಘಾತ ಪರಿಹಾರದ ಮೊಕದ್ದಮೆ ಇಂತಹ ಸಂದರ್ಭಗಳಲ್ಲಿ ಐದು ಹತ್ತು ವರ್ಷಗಳ ಹಿಂದಿನ ಚಿತ್ರವೇ ನಿರ್ಣಾಯಕವಾಗಬಹುದು.

ಕಾಪಾಡುವುದು ಎಂದರೆ ಹಂಚುವುದಲ್ಲ. ಶಿಬಿರದಲ್ಲಿ ತೆಗೆದ, ಹೆಸರು ಕಾಣುವ ಎಕ್ಸ್-ರೇಯನ್ನು ಪಂಚಾಯಿತಿಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಆ ಕುಟುಂಬ ಊರಿನಲ್ಲಿ ತಲೆ ಎತ್ತಿ ನಡೆಯುವುದು ಕಷ್ಟವಾಗುತ್ತದೆ. ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿದೆ. ಕಾಯಿದೆಗಿಂತ ಮೊದಲು ಇದು ನೆರೆಹೊರೆಯ ಮರ್ಯಾದೆಯ ಪ್ರಶ್ನೆ.

ಇನ್ನು ನಾವು ಮಾಡಬಹುದಾದ ಕೆಲಸ. ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಪಂಚಾಯತ್ ರಾಜ್ ಸಂಸ್ಥೆಗಳ ಪ್ರತಿನಿಧಿಗಳಿಗೆ ಸ್ಥಾನವಿದೆ. ಮುಂದಿನ ಸಭೆಯಲ್ಲಿ ಈ ಐದು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ಬರೆಸಬೇಕೆಂದು ಕೋರುತ್ತೇನೆ:

1. ಎಕ್ಸ್-ರೇ ಚಿತ್ರಗಳು ಡೈಕಾಮ್ ರೂಪದಲ್ಲಿ ಉಳಿಯುತ್ತಿವೆಯೇ?
2. ರೋಗಿಯನ್ನು ಹೆಸರಿನಿಂದ ಮಾತ್ರವೇ ಗುರುತಿಸಲಾಗುತ್ತಿದೆಯೇ, ಸಂಖ್ಯೆಯೂ ಇದೆಯೇ?
3. ಎರಡನೆಯ ಪ್ರತಿ ಯಾವ ಕಟ್ಟಡದಲ್ಲಿದೆ? ಕೊನೆಯ ಬಾರಿ ಅದನ್ನು ತೆರೆದು ನೋಡಿದ್ದು ಯಾವಾಗ?
4. ಇದಕ್ಕೆ ಹೊಣೆಗಾರರಾದ ಸಿಬ್ಬಂದಿ ಯಾರು? ಅವರು ವರ್ಗವಾದಾಗ ಲಿಖಿತ ಪ್ರಭಾರ ವಹಿಸಿಕೊಡಲಾಗುತ್ತದೆಯೇ?
5. ಯಂತ್ರ ಅಥವಾ ಗುತ್ತಿಗೆ ಸಂಸ್ಥೆ ಬದಲಾದರೆ ಹಳೆಯ ಚಿತ್ರಗಳನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸುವ ಷರತ್ತು ಕರಾರಿನಲ್ಲಿದೆಯೇ?

ಕ್ಷಯಮುಕ್ತ ಪಂಚಾಯಿತಿಯ ಗುರಿಗಾಗಿ ನಮ್ಮ ಊರುಗಳಲ್ಲಿ ಶಿಬಿರ ನಡೆಸಲು ಆರೋಗ್ಯ ಇಲಾಖೆಯವರು ಬಂದಾಗ ಇವೇ ಪ್ರಶ್ನೆಗಳನ್ನು ವಿನಯದಿಂದ ಕೇಳಬಹುದು. ಗ್ರಾಮ ಸಭೆಯಲ್ಲಿ ಜನರಿಗೆ ಒಂದು ಮಾತು ತಿಳಿಸೋಣ: ವರದಿಯ ಚೀಟಿಯೊಂದಿಗೆ ಚಿತ್ರದ ಪ್ರತಿಯನ್ನೂ ಕೇಳಿ ಪಡೆಯಿರಿ, ತೆಗೆಸಿದ ದಿನಾಂಕ, ಆಸ್ಪತ್ರೆ, ನೋಂದಣಿ ಸಂಖ್ಯೆಯನ್ನು ಮನೆಯಲ್ಲಿ ಬರೆದಿಡಿ.

ಆ ಹಿರಿಯರು ಈಗ ಆರೋಗ್ಯವಾಗಿದ್ದಾರೆ. ತಮ್ಮ ಹೊಸ ಎಕ್ಸ್-ರೇಯ ಲಕೋಟೆಯನ್ನು ಪಡಿತರ ಚೀಟಿಯ ಜೊತೆಯಲ್ಲಿಯೇ ಇಟ್ಟಿದ್ದಾರೆ. ಅವರು ತಮ್ಮ ಪಾಲಿನ ಎಚ್ಚರ ವಹಿಸಿದ್ದಾರೆ; ಆಸ್ಪತ್ರೆಯ ಪಾಲಿನದನ್ನು ಕೇಳಿ ಖಚಿತಪಡಿಸಿಕೊಳ್ಳುವ ಕೆಲಸ ನಮ್ಮದು.