ಜೆರಾಕ್ಸ್ ಅಂಗಡಿ ಕಂಪ್ಯೂಟರಿಗೆ ವಯಸ್ಸೆಷ್ಟು?

ಇವತ್ತಿನ ಮಾತನ್ನ ಹಳ್ಳಿಮೈಸೂರಿಂದ ಶುರು ಮಾಡೋಣ. ಹೊಳೆನರಸೀಪುರ ತಾಲ್ಲೂಕಿನ ಹೋಬಳಿ ಕೇಂದ್ರ ಇದು. ಇಂಥ ಯಾವ ಹೋಬಳಿ ಊರಿಗೆ ಹೋದರೂ ಒಂದು ಜೆರಾಕ್ಸ್ ಅಂಗಡಿ ಇದ್ದೇ ಇರುತ್ತೆ. ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿ, ಪಹಣಿ ಪ್ರಿಂಟು, ಸ್ಕಾಲರ್‌ಶಿಪ್ ಫಾರಂ ಎಲ್ಲ ಅಲ್ಲೇ. ನಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್, ಓಟಿಪಿ, ಎಲ್ಲವನ್ನೂ ಆ ಒಂದು ಕಂಪ್ಯೂಟರಿಗೆ ಒಪ್ಪಿಸಿ ಬರ್ತೀವಿ.

"ಅಣ್ಣಾ, ಇದು ಯಾವ ವಿಂಡೋಸು?" ಅಂತ ಒಂದ್ಸಲ ಕೇಳಿ ನೋಡಿ. "ಯಾವ್ದೋ ಒಂದು ಕಣಪ್ಪ, ಓಡ್ತೈತಲ್ಲ ಬಿಡು" ಅಂತಾರೆ.

ಓಡೋದು ಬೇರೆ, ಸುರಕ್ಷಿತವಾಗಿರೋದು ಬೇರೆ. ಯಾವ ಸಾಫ್ಟ್‌ವೇರ್‌ನಲ್ಲೂ ತಪ್ಪುಗಳು ಇದ್ದೇ ಇರುತ್ತವೆ. ಅವು ಗೊತ್ತಾದಾಗ ಕಂಪನಿ ತೇಪೆ ಹಾಕಿ ಕಳಿಸುತ್ತೆ, ಅದೇ ಅಪ್‌ಡೇಟ್. ಬೆಂಬಲ ಮುಗೀತು ಅಂದ್ರೆ ತೇಪೆ ಬರೋದು ನಿಂತುಹೋಯ್ತು ಅಂತ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ಕಂಪ್ಯೂಟರ್ ಮಾತ್ರ ಮಾರನೇ ದಿನವೂ ಎಂದಿನಂತೆ ಆನ್ ಆಗುತ್ತೆ. ಅದಕ್ಕೇ ಯಾರಿಗೂ ಗೊತ್ತಾಗಲ್ಲ.

"ನಮ್ಮ ಹಳ್ಳಿ ಕಂಪ್ಯೂಟರಲ್ಲಿ ಯಾರು ಏನು ಕದೀತಾರೆ?" ಅನ್ನಬಹುದು. 2017ರ ಮೇ ತಿಂಗಳು ನೆನಪಿಸಿಕೊಳ್ಳಿ. ವಾನ್ನಾಕ್ರೈ ಅನ್ನೋ ವೈರಸ್ ಪ್ರಪಂಚವನ್ನೇ ಸುತ್ತಿತು. ಫೈಲ್‌ಗಳಿಗೆ ಬೀಗ ಹಾಕಿ, 300 ಡಾಲರ್ ಬಿಟ್‌ಕಾಯಿನ್ ಕೊಡಿ ಅಂತ ಕೇಳೋದು. ಬ್ರಿಟನ್ನಿನ ಆಸ್ಪತ್ರೆಗಳಿಗೂ ಬಂತು, ನಮ್ಮ ಪಕ್ಕದ ವಯನಾಡಿನ ತರಿಯೋಡು ಗ್ರಾಮ ಪಂಚಾಯ್ತಿ ಕಚೇರಿಗೂ ಬಂತು. ವೈರಸ್ಸಿಗೆ ಊರು ದೊಡ್ಡದಾ ಚಿಕ್ಕದಾ ಅನ್ನೋದು ಬೇಕಿಲ್ಲ, ತೆರೆದ ಬಾಗಿಲು ಸಿಕ್ಕರೆ ಸಾಕು.

ಇಲ್ಲೊಂದು ಮುಖ್ಯ ವಿಷಯ ಇದೆ. ಆ ದಾಳಿಗೆ ಹೆಚ್ಚಾಗಿ ಸಿಕ್ಕಿದ್ದು ವಿಂಡೋಸ್ 7. ಆಗ ಅದಕ್ಕೆ ಇನ್ನೂ ಬೆಂಬಲ ಇತ್ತು! ತೇಪೆ ಕೂಡ ಎರಡು ತಿಂಗಳ ಮುಂಚೆ, ಮಾರ್ಚ್ 14ಕ್ಕೇ ಬಂದಿತ್ತು. ಹಾಕಿಕೊಂಡಿರಲಿಲ್ಲ ಅಷ್ಟೆ. ಹಾಗಾಗಿ ನೋಡಬೇಕಾದ್ದು ಎರಡು: ಯಾವ ಆವೃತ್ತಿ, ಕೊನೇ ಅಪ್‌ಡೇಟ್ ಯಾವತ್ತು.

ನೋಡೋದು ಸುಲಭ. ಕೀಬೋರ್ಡಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರೋ ಡಬ್ಬಿಯಲ್ಲಿ ವಿನ್‌ವರ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ: ಡಬ್ಲ್ಯೂ, ಐ, ಎನ್, ವಿ, ಇ, ಆರ್. ಆವೃತ್ತಿ ಕಾಣುತ್ತೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ಹಿಸ್ಟರಿ ನೋಡಿ.

ಹಾಗಾದ್ರೆ ಅಂಗಡಿಯವರು ಯಾಕೆ ಬದಲಾಯಿಸಲ್ಲ? ಬರೀ ಸೋಮಾರಿತನ ಅಲ್ಲ. ಒಂದು, ದುಡ್ಡು. ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗದ ಜೊತೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ, ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಎರಡು, ಕ್ರ್ಯಾಕ್ ಹಾಕಿದ ವಿಂಡೋಸ್. ಅಪ್‌ಡೇಟ್ ಮಾಡಿದ್ರೆ ಎಲ್ಲಿ ಕೆಡುತ್ತೋ ಅನ್ನೋ ಭಯ. ಮೂರು, ಕನ್ನಡ. ವರ್ಷಾನುಗಟ್ಟಲೆ ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕರಾರು ಪತ್ರ, ಲಗ್ನಪತ್ರಿಕೆಗಳು ಯೂನಿಕೋಡ್‌ನಲ್ಲಿ ಇಲ್ಲ. ಹೊಸ ಮಷೀನಲ್ಲಿ ಆ ಫಾಂಟ್ ಇಲ್ಲದಿದ್ರೆ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ. ಆದರೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸೋ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕಂಪ್ಯೂಟರ್ ಜೀವಂತ ಇರೋವಾಗಲೇ ಆ ಕೆಲಸ ಮುಗಿಸಬೇಕು.

ಬದಲಾಯಿಸೋದಕ್ಕೂ ಒಂದು ಕ್ರಮ ಇದೆ. ಮೊದಲು ಫೈಲ್‌ಗಳ ನಕಲು ಬೇರೆ ಡಿಸ್ಕಿಗೆ ಹಾಕಿ, ತೆರೆದು ನೋಡಿ, ಆ ಡಿಸ್ಕನ್ನ ಕಂಪ್ಯೂಟರಿಂದ ಬಿಚ್ಚಿಡಿ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಆ್ಯಪ್ ಹಾಕಿದ್ರೆ ವಿಂಡೋಸ್ 11 ಆಗುತ್ತೋ ಇಲ್ವೋ ಹೇಳುತ್ತೆ. ಆಗದಿದ್ರೆ, ವಿಂಡೋಸ್ 10ಕ್ಕೆ ಇಎಸ್‌ಯು ಅನ್ನೋ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಇದೆ. ಮನೆ ಬಳಕೆದಾರರಿಗೆ ಮೈಕ್ರೋಸಾಫ್ಟ್ ಮೊದಲು ಹೇಳಿದ ಗಡುವು 2026ರ ಅಕ್ಟೋಬರ್ 13. ಅದು ಉಸಿರಾಡೋಕೆ ಸಮಯ ಅಷ್ಟೆ. ಇನ್ನೊಂದು ದಾರಿ ಲಿನಕ್ಸ್ ಮಿಂಟ್, ಉಬುಂಟು ಥರದವು. ದುಡ್ಡಿಲ್ಲ, ಹಳೇ ಮಷೀನಲ್ಲೂ ನಡೆಯುತ್ತವೆ. ಆದರೆ ಪ್ರಿಂಟರ್, ಹೆಬ್ಬೆಟ್ಟಿನ ಯಂತ್ರ ಅದಕ್ಕೆ ಹೊಂದುತ್ತಾ ಅಂತ ಮೊದಲೇ ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ.

ಇನ್ನು ನಿಮ್ಮಲ್ಲೇ ಯಾರೋ ಕಾಲೇಜಿಗೋ, ಸಂಘಕ್ಕೋ ವೆಬ್‌ಸೈಟ್ ಮಾಡಿಕೊಟ್ಟು ಮರೆತಿರ್ತೀರಿ. ಆ ಸರ್ವರ್ ಹಗಲೂ ರಾತ್ರಿ ಇಂಟರ್ನೆಟ್ಟಿಗೆ ಮುಖ ಮಾಡಿ ನಿಂತಿರುತ್ತೆ. ಸೆಂಟ್‌ಓಎಸ್ 7 ಬೆಂಬಲ 2024ರ ಜೂನ್ 30ಕ್ಕೆ, ಪಿಎಚ್‌ಪಿ 7.4 ಬೆಂಬಲ 2022ರ ನವೆಂಬರ್‌ನಲ್ಲಿ, ವಿಂಡೋಸ್ ಸರ್ವರ್ 2012 ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ಅಪಾಚೆ ನಂಬರ್ ಹಳೇದು ಕಂಡ ತಕ್ಷಣ ಗಾಬರಿ ಬೇಡ. ಡೆಬಿಯನ್, ಉಬುಂಟು ಥರದವು ನಂಬರ್ ಅದೇ ಇಟ್ಟುಕೊಂಡು ಒಳಗೆ ತೇಪೆ ಹಾಕ್ತಿರುತ್ತವೆ. ಓಎಸ್‌ಗೆ ಬೆಂಬಲ ಇದೆಯಾ, ಅಪ್‌ಡೇಟ್ ಆಗ್ತಿದೆಯಾ ನೋಡಿ. ಇಲ್ಲದಿದ್ರೆ ಓಡ್ತಿರೋ ಸರ್ವರ್ ಮೇಲೇ ಪ್ರಯೋಗ ಮಾಡ್ಬೇಡಿ. ಹೊಸದೊಂದು ಸಿದ್ಧ ಮಾಡಿ, ಸೈಟಿನ ನಕಲು ಹಾಕಿ, ಎಲ್ಲ ಸರಿ ಇದ್ದ ಮೇಲೆ ವಿಳಾಸ ಆ ಕಡೆ ತಿರುಗಿಸಿ.

ಕೊನೇ ಮಾತು. ಮುಂದಿನ ಸಲ ಅಂಗಡಿಗೆ ಹೋದಾಗ ಅಣ್ಣನ್ನ ಹಂಗಿಸ್ಬೇಡಿ. ಮೊಬೈಲ್ ಚೆನ್ನಾಗಿ ಬಲ್ಲವರು ನೀವು, ಹತ್ತು ನಿಮಿಷ ಕೂತು ವಿನ್‌ವರ್ ತೋರಿಸಿಕೊಡಿ. ಅದಕ್ಕೂ ಮುಂಚೆ ಈ ಪಾಡ್‌ಕಾಸ್ಟ್ ಕೇಳ್ತಿರೋ ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ತಾರೀಕು ನೋಡ್ಕೊಳ್ಳಿ. ವರ್ಷದ ಹಿಂದಿನದಾಗಿದ್ರೆ, ಅಣ್ಣನಿಗೂ ನಮಗೂ ಏನು ವ್ಯತ್ಯಾಸ ಹೇಳಿ?